ಶಾಲೆಯ ಮಾತು: ಜಿಲ್ಲೆಗೆ ಎಷ್ಟನೇ ಸ್ಥಾನ, ಮಗುವಿಗೆ ಎಷ್ಟು ಓದು?

ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಬಹುಕಾಲ ಗಣಿತ ಕಲಿಸಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತರಾದ ನಮ್ಮ ಅಂಕಣಕಾರ್ತಿ ಈ ಬಾರಿ ಶಾಲೆಗಳ ವರ್ಷದ ಗುರಿಯ ಬಗ್ಗೆ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಹಾಸನ ರಾಜ್ಯಕ್ಕೇ ಮೊದಲು ಬಂದಿತ್ತು. ಆಮೇಲೆ ಆ ಸ್ಥಾನ ಉಳಿಯಲಿಲ್ಲ. ಮೊದಲ ಸ್ಥಾನಕ್ಕೆ ಮರಳುವುದೇ ಈ ವರ್ಷದ ಗುರಿಯಾಗಬೇಕು ಎಂದು ನಮ್ಮೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಜಿಲ್ಲೆಯ ಶಿಕ್ಷಣ ನಿಜವಾಗಿ ಕುಸಿದಿದೆಯೇ?
— ಒಬ್ಬ ತಂದೆ, ಚನ್ನರಾಯಪಟ್ಟಣ

ಉತ್ತರ: 2019ರ ಆ ಫಲಿತಾಂಶ ನನಗೂ ಹೆಮ್ಮೆಯದೇ. ಶೇ 89.33 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ಬೆಳಗಿನ ವಿಶೇಷ ತರಗತಿ, ಸಂಜೆಯ ಗುಂಪು ಓದು, ಮೇಲಿಂದ ಮೇಲೆ ಸರಣಿ ಪರೀಕ್ಷೆ, ಹಿಂದುಳಿದ ಮಕ್ಕಳನ್ನು ಶಿಕ್ಷಕರು ಹಂಚಿಕೊಂಡು ದತ್ತು ಪಡೆಯುವುದು, ಇವೆಲ್ಲ ಸೇರಿ ಬರುವ ಫಲ ಅದು. ಆ ದುಡಿಮೆಯನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಸ್ಥಾನವನ್ನು ಹಿಡಿದು ಪ್ರಗತಿಯನ್ನು ಅಳೆಯಲು ಹೊರಟರೆ ದಾರಿ ತಪ್ಪುತ್ತೇವೆ. 2019ರಲ್ಲಿ 89.33 ಪಡೆದು ಮೊದಲ ಸ್ಥಾನದಲ್ಲಿದ್ದೆವು. 2023ರಲ್ಲಿ 96.68 ಪಡೆದೂ ಚಿತ್ರದುರ್ಗ, ಮಂಡ್ಯಗಳ ಹಿಂದೆ ಮೂರನೆಯವರಾದೆವು. ಮರುವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ನೇರ ನಿಗಾ ಇಡುವ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಜಾರಿತು, ಅದೂ ಪಾಸಾಗಲೆಂದು ಸೇರಿಸಿ ಕೊಡುವ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಕೃಪಾಂಕವನ್ನೂ ತೆಗೆದರು, ಫಲಿತಾಂಶ ಇನ್ನಷ್ಟು ಇಳಿಯಿತು. ಎರಡು ವರ್ಷಗಳಲ್ಲಿ ನಾಡಿನ ಮಕ್ಕಳ ಬುದ್ಧಿ ಇಷ್ಟೊಂದು ಇಳಿಯುವುದು ಸಾಧ್ಯವೇ? ಇಳಿದದ್ದರಲ್ಲಿ ಹೆಚ್ಚಿನ ಪಾಲು ಪರೀಕ್ಷೆ ನಡೆಸುವ ರೀತಿ ಬದಲಾದದ್ದರಿಂದ. ಈಗ 2025–26ನೇ ಸಾಲಿನಿಂದ ಉತ್ತೀರ್ಣತೆಯ ಮಿತಿ ಶೇ 35ರಿಂದ 33ಕ್ಕೆ ಬಂದಿದೆ. ಮುಂದಿನ ಫಲಿತಾಂಶದಲ್ಲಿ ಜಿಲ್ಲೆಯ ಅಂಕಿ ಏರಿದರೆ ಪಟಾಕಿ ಹಚ್ಚುವ ಮೊದಲು ಈ ಎರಡು ಅಂಕವನ್ನು ನೆನಪಿಟ್ಟುಕೊಳ್ಳಿ.

ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಸ್ಥಾನವೇ ಗುರಿಯಾದಾಗ ಇಡೀ ವ್ಯವಸ್ಥೆಯ ಕಣ್ಣು ಒಂದೇ ತರಗತಿಯ ಮೇಲೆ, ಅದರಲ್ಲೂ ಪಾಸು ಫೇಲಿನ ಗೆರೆಯ ಮೇಲೆ ನಿಂತಿರುವ ಮಕ್ಕಳ ಮೇಲೆ ನೆಡುತ್ತದೆ. ನಾನು ಕುಳಿತ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ನಿಮ್ಮ ಶಾಲೆಯಲ್ಲಿ ಹತ್ತನೆಯದು ಎಷ್ಟು ಜನ ಪಾಸಾಗುತ್ತಾರೆ?’ ನಾಲ್ಕನೇ ತರಗತಿಯ ಮಕ್ಕಳು ಹೇಗೆ ಓದುತ್ತಿದ್ದಾರೆ ಎಂದು ಪ್ರಾಥಮಿಕ ಶಾಲೆಯವರನ್ನು ಅದೇ ಗಂಭೀರತೆಯಿಂದ ಕೇಳಿದ್ದನ್ನು ನಾನು ಕಂಡದ್ದು ಅಪರೂಪ. ಹತ್ತನೆಯದರಲ್ಲಿ ಫೇಲಾಗುವ ಮಗು ಸೋಲಲು ಆರಂಭಿಸಿದ್ದು ಮೂರು, ನಾಲ್ಕನೇ ತರಗತಿಯಲ್ಲಿ. ಆಗ ಅದಕ್ಕೆ ಬೇಕಿದ್ದದ್ದು ದಿನಕ್ಕೆ ಅರ್ಧ ಗಂಟೆಯ ಗಮನ. ಜನವರಿಯ ವಿಶೇಷ ತರಗತಿಯಲ್ಲಿ ಆ ಸಾಲವನ್ನು ಬಡ್ಡಿಸಮೇತ ತೀರಿಸಲು ಹೊರಡುತ್ತೇವೆ.

ಜಿಲ್ಲೆಯ ವರ್ಷದ ಗುರಿಯನ್ನು ಬರೆಯುವ ಕೆಲಸ ನನ್ನದಾಗಿದ್ದರೆ ಹೀಗೆ ಬರೆಯುತ್ತಿದ್ದೆ: ಎಂಟೂ ತಾಲ್ಲೂಕುಗಳಲ್ಲಿ ಐದನೇ ತರಗತಿಯ ಪ್ರತಿ ಮಗುವೂ ಮಾರ್ಚ್ ಮುಗಿಯುವುದರೊಳಗೆ ತಾನು ಮೊದಲು ನೋಡಿರದ ಒಂದು ಪುಟ ಕನ್ನಡವನ್ನು ಓದಿ ಅರ್ಥ ಹೇಳಬೇಕು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬೇಕು. ಪತ್ರಿಕೆಯ ಮುಖಪುಟಕ್ಕೆ ಇದು ಸುದ್ದಿಯಾಗದಿರಬಹುದು. ಆದರೂ ಎಸ್‌ಎಸ್‌ಎಲ್‌ಸಿ ಫಲಿತಾಂಶ ನಿಜವಾಗಿ ಏರುವುದು ಇಲ್ಲಿಂದಲೇ.

ಪ್ರಶ್ನೆ: ನಾನು ನಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ವರ್ಷದ ಕ್ರಿಯಾಯೋಜನೆಗೆ ಸಹಿ ಹಾಕಿದ್ದೇವೆ. ಅದರಲ್ಲಿ ಕಾಂಪೌಂಡ್, ಶೌಚಾಲಯ, ಸುಣ್ಣಬಣ್ಣ ಇವೇ ತುಂಬಿವೆ. ಮಕ್ಕಳ ಕಲಿಕೆಯ ಬಗ್ಗೆ ನಾವು ಕೇಳಬಹುದೇ? ನಾನು ಓದಿದ್ದು ಏಳನೇ ತರಗತಿ ಮಾತ್ರ.
— ಆಲೂರು ತಾಲ್ಲೂಕು

ಉತ್ತರ: ಕೇಳಬಹುದು ಎನ್ನುವುದಕ್ಕಿಂತ ಕೇಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಶಾಲೆಯ ಕಾರ್ಯನಿರ್ವಹಣೆಯನ್ನು ಗಮನಿಸುವ ಹೊಣೆಯನ್ನು ಸಮಿತಿಗೆ ಕೊಟ್ಟಿದೆ, 22ನೇ ಕಲಂ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆಯನ್ನು ಕೊಟ್ಟಿದೆ. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು ಎಂದು ಕಾಯ್ದೆ ಹೇಳುವುದು ಏಕೆ? ಗೋಡೆಗೆ ಬಣ್ಣ ಆರಿಸುವುದಕ್ಕಷ್ಟೇ ಅಲ್ಲವಲ್ಲ. ನಿಮ್ಮ ಏಳನೇ ತರಗತಿ ಈ ಕೆಲಸಕ್ಕೆ ಧಾರಾಳ ಸಾಕು.

ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ನಾನು ಕಪ್ಪುಹಲಗೆಯ ಮೇಲೆ 408 ÷ 4 ಎಂದು ಬರೆದು ಮಾಡಲು ಹೇಳುತ್ತಿದ್ದೆ. ಸಾಲಿನ ಮಧ್ಯೆ ಓಡಾಡುತ್ತ ನೋಟ್‌ಬುಕ್ ನೋಡಿದರೆ ಹಲವರದು 12. ನಾಲ್ಕೊಂದ್ಲೆ ನಾಲ್ಕು, ಒಂದು ಬರೆದರು. ಸೊನ್ನೆಯನ್ನು ಕಂಡು ಏನೂ ಇಲ್ಲವೆಂದು ದಾಟಿದರು. ನಾಲ್ಕೆರಡ್ಲೆ ಎಂಟು, ಎರಡು ಬರೆದರು. ಮಗ್ಗಿಯಲ್ಲಿ ತಪ್ಪಿಲ್ಲ, ಭಾಗಾಕಾರದ ಕ್ರಮವೂ ಗೊತ್ತು, ಆದರೆ ಹತ್ತರ ಸ್ಥಾನದಲ್ಲಿ ಕುಳಿತ ಸೊನ್ನೆಗೆ ಅಲ್ಲೊಂದು ಕೆಲಸವಿದೆ ಎಂಬುದನ್ನು ಯಾರೂ ಅವರ ಕೈಗೆ ಮುಟ್ಟಿಸಿಲ್ಲ. ಅದೇ ಹುಡುಗನಿಗೆ, ‘ನಾಲ್ಕು ಜನ ಕೂಲಿ ಮಾಡಿ 408 ರೂಪಾಯಿ ತಂದರು, ಹಂಚಿಕೊಂಡಾಗ ಒಬ್ಬೊಬ್ಬರಿಗೆ ಹನ್ನೆರಡೇ ರೂಪಾಯಿಯೇ?’ ಎಂದು ಕೇಳಿ. ‘ಇಲ್ಲ ಮಿಸ್, ನೂರರ ಮೇಲೆ ಬರುತ್ತದೆ’ ಎನ್ನುತ್ತಾನೆ, ಮರುಗಳಿಗೆ 102 ಎಂದು ತಾನೇ ತಿದ್ದಿಕೊಳ್ಳುತ್ತಾನೆ. ಮಗುವಿಗೆ ಬುದ್ಧಿ ಇದೆ. ನಾಲ್ಕನೇ ತರಗತಿಯಲ್ಲಿ ಆ ಉತ್ತರದ ಮೇಲೆ ಕೆಂಪು ಗೆರೆ ಎಳೆದು ಅಂಕ ಕಳೆದರೇ ಹೊರತು ಎಲ್ಲಿ ಎಡವಿತು ಎಂದು ಪಕ್ಕದಲ್ಲಿ ಕುಳಿತು ನೋಡಲಿಲ್ಲ. ನಾಲ್ಕು ವರ್ಷ ಅದೇ ತಪ್ಪು ಮಗುವಿನ ಜೊತೆ ಮೇಲೆ ಮೇಲೆ ಬಡ್ತಿ ಪಡೆಯಿತು.

ಓದಿನಲ್ಲೂ ಇದೇ ಕಥೆ. ಪಾಠವನ್ನು ತರಗತಿಯಲ್ಲಿ ಒಟ್ಟಿಗೆ ಕೂಗಿ ಓದಿ ಬಾಯಿಪಾಠವಾಗಿರುತ್ತದೆ. ಆ ಪುಟವನ್ನೇ ಓದಿಸಿದರೆ ಮಗು ಗಡಗಡನೆ ಓದುತ್ತದೆ, ನೋಡುವವರಿಗೆ ಸಂತೋಷವಾಗುತ್ತದೆ. ಬೇರೆ ಪುಸ್ತಕದ ಪುಟ ತೆರೆದು ಕೊಡಿ. ‘ಮನೆ’, ‘ಮರ’, ‘ಹಸು’ ದಾಟಿ ‘ಕಾರ್ಯಕ್ರಮ’, ‘ಸಾಮರ್ಥ್ಯ’ದ ಹತ್ತಿರ ಬಂದಾಗ ಬೆರಳು ನಿಲ್ಲುತ್ತದೆ. ಒತ್ತಕ್ಷರ, ಅದರಲ್ಲೂ ಅರ್ಕಾವೊತ್ತು, ಗಟ್ಟಿಯಾಗಿಲ್ಲ. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ ಎಂಬ ಚಟುವಟಿಕೆಯ ಪದ್ಧತಿಯಲ್ಲಿ ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತಿದ ಮಗು ನಾಲ್ಕನೆಯದಕ್ಕೆ ಬಂದ ಕೂಡಲೇ ದಪ್ಪ ಪಠ್ಯಪುಸ್ತಕದ ಮುಂದೆ ಕೂರುತ್ತದೆ. ಈ ತಿರುವಿನಲ್ಲಿ ಹಿಂದೆ ಉಳಿದವರನ್ನು ಹೆಸರಿಟ್ಟು ಹುಡುಕಬೇಕು.

ಸಭೆಯಲ್ಲಿ ಏನು ಕೇಳುವುದು? ಶೈಕ್ಷಣಿಕ ವರ್ಷದ ಆರಂಭದಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಸೇತುಬಂಧ ನಡೆಯುತ್ತದೆ. ಅದಕ್ಕೊಂದು ಪೂರ್ವ ಪರೀಕ್ಷೆ, ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಇರುತ್ತದೆ, ದಾಖಲೆ ಶಾಲೆಯಲ್ಲೇ ಸಿಗುತ್ತದೆ. ಆಗ ಹಿಂದೆ ಬಿದ್ದ ಮಕ್ಕಳು ಎಷ್ಟು, ಮೊದಲ ಸಂಕಲನಾತ್ಮಕ ಮೌಲ್ಯಮಾಪನದ, ಅಂದರೆ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಅವರಲ್ಲಿ ಮೇಲೆ ಬಂದವರು ಎಷ್ಟು, ಉಳಿದವರಿಗೆ ದಿನದ ಯಾವ ಅವಧಿಯಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿ. ಮಕ್ಕಳ ಹೆಸರನ್ನು ಸಭೆಯಲ್ಲಿ ಎತ್ತಬೇಡಿ, ಹಳ್ಳಿಯಲ್ಲಿ ಅದು ಸಂಜೆಯೊಳಗೆ ಊರೆಲ್ಲ ಹರಡಿ ಮಗು ಶಾಲೆಗೆ ಬರಲು ನಾಚುತ್ತದೆ. ಉತ್ತರ ಬಂದ ಮೇಲೆ ಕ್ರಿಯಾಯೋಜನೆಯಲ್ಲಿ ಕಾಂಪೌಂಡಿನ ಕೆಳಗೆ ಇನ್ನೊಂದು ಸಾಲು ಸೇರಿಸಿ ಬರೆಯಿಸಿ.

ಶಿಕ್ಷಕರ ಕಷ್ಟವನ್ನೂ ಆಲಿಸಿ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಉಳಿದವರು ಎಲ್ಲ ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಕು. 2025–26ನೇ ಸಾಲಿನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ಅಲೆದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಕಳೆದುಹೋದ ದಿನಗಳನ್ನು ಎಲ್ಲಿ ತುಂಬಿಸಿಕೊಂಡಿರಿ, ಊರಿನವರಿಂದ ಏನು ಸಹಾಯ ಬೇಕು ಎಂಬ ಧಾಟಿಯಲ್ಲಿ ಮಾತು ಶುರುವಾದರೆ ಯಾವ ಮುಖ್ಯ ಶಿಕ್ಷಕರೂ ಮುಖ ಗಂಟಿಕ್ಕುವುದಿಲ್ಲ.

ಪ್ರಶ್ನೆ: ನಾನು ಹತ್ತನೇ ತರಗತಿ ವಿದ್ಯಾರ್ಥಿನಿ. ಗಣಿತದಲ್ಲಿ ತುಂಬ ಹಿಂದೆ. ಈಗ 33 ಬಂದರೆ ಸಾಕಂತೆ, ನಿಜವೇ?
— ಅರಸೀಕೆರೆ

ಉತ್ತರ: ನಿಜ, ಮಗಳೇ. ಒಟ್ಟು 625ಕ್ಕೆ 206 ಬರಬೇಕು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇರಬೇಕು. ಗಣಿತದಲ್ಲಿ ಮೂವತ್ತಷ್ಟೇ ಬಂದರೂ ಬೇರೆ ವಿಷಯಗಳು ನಿನ್ನನ್ನು ಎತ್ತಿ ಹಿಡಿಯುತ್ತವೆ. ಮೊದಲ ಪರೀಕ್ಷೆಯಲ್ಲಿ ಆಗದಿದ್ದರೆ ಎರಡನೆಯದು ಅದೇ ವರ್ಷ ಇದೆ. ಆದ್ದರಿಂದ ಹೆದರಿ ಶಾಲೆ ಬಿಡುವ ಮಾತು ಬೇಡ. ನಕ್ಷೆ, ಸಂಖ್ಯಾಶಾಸ್ತ್ರದ ಲೆಕ್ಕಗಳನ್ನು ದಿನಕ್ಕೆರಡು ಬಿಡಿಸು. ಅರ್ಧ ಬಂದರೂ ಬರೆದು ಬಾ, ಪ್ರತಿ ಹಂತಕ್ಕೂ ಅಂಕವಿದೆ. ಖಾಲಿ ಬಿಟ್ಟ ಪುಟಕ್ಕೆ ಮೌಲ್ಯಮಾಪಕರು ಏನನ್ನೂ ಕೊಡಲಾರರು.

ಪ್ರಶ್ನೆ: ನಮ್ಮದು ಕಾಫಿ ತೋಟಗಳ ನಡುವಿನ ಶಾಲೆ. ಕೊಯ್ಲು ಶುರುವಾದರೆ ಹಾಜರಾತಿ ಕುಸಿಯುತ್ತದೆ. ಹೊರಗಿನಿಂದ ಬಂದ ಕಾರ್ಮಿಕರ ಮಕ್ಕಳು ತೋಟದ ಲೈನ್ ಮನೆಗಳಲ್ಲೇ (ಕಾರ್ಮಿಕರ ಸಾಲು ಮನೆಗಳು) ಉಳಿಯುತ್ತಾರೆ, ಅವರ ಬಳಿ ವರ್ಗಾವಣೆ ಪತ್ರವೂ ಇಲ್ಲ. ಜಿಲ್ಲೆಯ ಗುರಿಯಲ್ಲಿ ಇಂಥ ಮಕ್ಕಳಿಗೆ ಜಾಗವಿದೆಯೇ?
— ಒಬ್ಬ ಶಿಕ್ಷಕಿ, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಬಯಲುಸೀಮೆಯ ಅರಸೀಕೆರೆಗೂ ಮಲೆನಾಡಿನ ನಿಮ್ಮ ಊರಿಗೂ ಒಂದೇ ವೇಳಾಪಟ್ಟಿ ಹೊಂದುವುದಿಲ್ಲ. ನಿಮ್ಮಲ್ಲಿ ಜುಲೈನಲ್ಲಿ ಮಳೆಯ ರಜೆ. ಆನೆ ಬಂದಿದೆ ಎಂಬ ಸುದ್ದಿ ಬಂದ ಬೆಳಿಗ್ಗೆ ಮಕ್ಕಳು ಹೊರಡುವುದಿಲ್ಲ, ಹೊರಡಲೂ ಬಾರದು. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಕೊಯ್ಲು ಬಂದು ಫೆಬ್ರುವರಿ ದಾಟುತ್ತದೆ. ಬೇರೆ ಶಾಲೆಗಳು ಪುನರಾವರ್ತನೆ ಮಾಡುವ ತಿಂಗಳುಗಳಲ್ಲೇ ನಿಮ್ಮ ಬೆಂಚುಗಳು ಖಾಲಿ. ಹಾಗಾಗಿ ಕಠಿಣ ಪಾಠಗಳನ್ನು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎಳೆದುಕೊಳ್ಳುವ ಯೋಜನೆಯನ್ನು ವರ್ಷದ ಆರಂಭದಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮುಂದಿಡಿ. ಈ ವರ್ಷ ಆ ಹೊತ್ತು ಮೀರಿದೆ. ಉಳಿದ ದಿನಗಳಲ್ಲಿ ಬರುವ ಮಕ್ಕಳಿಗೆ ಓದು ಮತ್ತು ಲೆಕ್ಕ ಎರಡನ್ನಷ್ಟೇ ಗಟ್ಟಿ ಮಾಡಿ.

ತೋಟದ ಮಾಲೀಕರನ್ನು ಎಸ್‌ಡಿಎಂಸಿ ಅಧ್ಯಕ್ಷರ ಜೊತೆ ಹೋಗಿ ಕಾಣಿರಿ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ಅಪರಾಧ ಎಂಬುದು ಅವರಿಗೆ ಗೊತ್ತಿರುತ್ತದೆ. ಆದರೆ ದೊಡ್ಡ ಹುಡುಗಿ ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ಉಳಿಯುವುದು ಅವರ ಲೆಕ್ಕಕ್ಕೆ ಬರುವುದಿಲ್ಲ. ಕೂಸಿಗೆ ಅಂಗನವಾಡಿಯಲ್ಲೋ ತೋಟದ ಶಿಶುಪಾಲನಾ ಕೋಣೆಯಲ್ಲೋ ಜಾಗ ಸಿಕ್ಕರೆ ಅಕ್ಕ ಶಾಲೆಗೆ ಬರುತ್ತಾಳೆ. ಮಾಲೀಕರಲ್ಲಿ ಆ ಒಂದು ಬೇಡಿಕೆಯನ್ನೇ ಹಿಡಿದು ಕೂರಿರಿ.

ವರ್ಗಾವಣೆ ಪತ್ರದ ಮಾತಂತೂ ಸ್ಪಷ್ಟ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಆ ಪತ್ರ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ. 4ನೇ ಕಲಂ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಲು ಹೇಳುತ್ತದೆ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು. ಕನ್ನಡ ಬಾರದ ಮಗುವನ್ನು ನಿಮ್ಮ ನಲಿ-ಕಲಿ ಕೋಣೆಯಲ್ಲಿ ದಿನಕ್ಕೊಂದು ಗಂಟೆ ಕೂರಿಸಿ, ಮಿಕ್ಕ ಹೊತ್ತು ತನ್ನ ವಯಸ್ಸಿನವರ ಜೊತೆ ಇರಲಿ. ಆಟದ ಮೈದಾನದಲ್ಲಿ ಅದು ನಮಗಿಂತ ಬೇಗ ಮಾತು ಕಲಿಯುತ್ತದೆ. ಪತ್ರಕ್ಕಾಗಿ ಕಾಯಬೇಡಿ. ಸೋಮವಾರ ಲೈನ್ ಮನೆಗಳ ಕಡೆ ಹೋಗಿ ಮಕ್ಕಳನ್ನು ಕರೆತಂದು ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳಿ, ಬರೆದ ಮೇಲೆ ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಲಿಖಿತವಾಗಿ ತಿಳಿಸಿ. ಯಾರಾದರೂ ತಕರಾರು ಎತ್ತಿದರೆ ನನಗೆ ಪತ್ರ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಮೊದಲ ಪ್ರಶ್ನೆಯಾಗಿ ಎತ್ತಿಕೊಳ್ಳುತ್ತೇನೆ.