ಫ್ರಿಜ್ ಬೆಳಗಿನ ಜಾವ ನಿಲ್ಲುತ್ತಿದ್ದರೆ ಮೊದಲು ವೈರು ನೋಡಿ

ಸರ್, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕ್ಯಾರವಾನ್‌ನಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್, ಮೇಲೆ 200 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್, 100 ಆ್ಯಂಪ್-ಅವರ್‌ನ (ಬ್ಯಾಟರಿ ಎಷ್ಟು ಕರೆಂಟು ಹಿಡಿಸುತ್ತೆ ಅನ್ನೋ ಅಳತೆ) ಎರಡು ಲೆಡ್ ಆ್ಯಸಿಡ್ ಬ್ಯಾಟರಿ. ರಾತ್ರಿ ಮೂರು ಗಂಟೆಗೆ ಫ್ರಿಜ್ ತಾನಾಗೇ ನಿಂತುಹೋಗುತ್ತೆ, ಆರು ತಿಂಗಳ ಪ್ರಯಾಣಕ್ಕೆ ಹೊರಡೋ ಮುಂಚೆ ಇನ್ನೊಂದು ಪ್ಯಾನೆಲ್ ಹಾಕಿಸಲಾ ಅಂತ ಕೇಳಿದ್ದೀರಿ. ಪ್ಯಾನೆಲ್ ಬೇಕಾಗುತ್ತೆ, ಆದರೆ ಈಗಲೇ ತರಬೇಡಿ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆದೀತು. ನಾನು ಹಾಗೇ ಹಾಕಿದವನು.

ಮೊದಲು ಲೆಕ್ಕ ನೋಡಿ. ನಿಮ್ಮ ಅಳತೆಯ ಫ್ರಿಜ್ ಓಡುವಾಗ ಸುಮಾರು 50 ವ್ಯಾಟ್ ಎಳೆಯುತ್ತೆ. ಇಡೀ ದಿನ ಓಡಲ್ಲ. ಸಾಧಾರಣ ಸೆಕೆಯಲ್ಲಿ ಅರ್ಧ ಹೊತ್ತು ಓಡುತ್ತೆ ಅಂದುಕೊಂಡರೆ ದಿನಕ್ಕೆ 600 ವ್ಯಾಟ್-ಅವರ್, ಅಂದರೆ ಸುಮಾರು 50 ಆ್ಯಂಪ್-ಅವರ್. ದೀಪ, ಫ್ಯಾನು, ನೀರಿನ ಪಂಪು, ಫೋನಿಗೆ ಇನ್ನು 20 ಸೇರಿಸಿ. ಲೆಡ್ ಆ್ಯಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆದ್ದರಿಂದ ನಿಮ್ಮ ಕೈಯಲ್ಲಿರೋದು 200 ಅಲ್ಲ, 100. ಸಂಜೆ ಆರರಿಂದ ಬೆಳಗ್ಗೆ ಎಂಟೂವರೆವರೆಗೆ ಎಲ್ಲಾ ಸೇರಿ 45 ಖರ್ಚಾಗಬಹುದು. ಬ್ಯಾಟರಿ ಸಂಜೆಗೆ ತುಂಬಿದ್ದರೆ ಮೂರು ಗಂಟೆಗೆ ಕೈಕೊಡೋಕೆ ಕಾರಣವೇ ಇಲ್ಲ.

ಹಾಗಾದರೆ ಒಂದೋ ಬ್ಯಾಟರಿ ಸಂಜೆಗೆ ತುಂಬಿಲ್ಲ, ಇಲ್ಲಾ ಬ್ಯಾಟರಿಯಲ್ಲಿ ಇರೋದು ಫ್ರಿಜ್‌ಗೆ ತಲುಪುತ್ತಿಲ್ಲ. ಯಾವುದು ಅಂತ ತಿಳಿಯೋಕೆ ದುಡ್ಡು ಬೇಡ. ಮನೆ ಕರೆಂಟಿನಿಂದ ಬ್ಯಾಟರಿ ಪೂರ್ತಿ ತುಂಬಿಸಿ, ಆಮೇಲೆ ಪ್ಲಗ್ ಕಿತ್ತು ಬರೀ ಸೋಲಾರ್ ಮೇಲೆ ಬಿಡಿ. ಮೊದಲನೇ ರಾತ್ರಿಯೇ ನಿಂತರೆ ನನ್ನ ಅನುಮಾನ ವೈರಿನ ಮೇಲೆ. ಎರಡು ರಾತ್ರಿ ಸರಿಯಾಗಿ ಓಡಿ ಮೂರನೇ ಅಥವಾ ನಾಲ್ಕನೇ ರಾತ್ರಿ ನಿಂತರೆ ಪ್ಯಾನೆಲ್ ಸಾಲದು. ಹಳೇ ಬ್ಯಾಟರಿಯಾದರೆ ಅದೇ ಸೊರಗಿರಲೂಬಹುದು. ಅದನ್ನ ಬೇರೆಯಾಗಿ ಲೋಡ್ ಹಾಕಿ ನೋಡಿಸಿ.

ನನ್ನದು ಮೊದಲನೇ ರಾತ್ರಿಯೇ ನಿಲ್ಲುತ್ತಿತ್ತು. ನಾನು ಬುದ್ಧಿವಂತ ನೋಡಿ, ಇನ್ನೊಂದು ಪ್ಯಾನೆಲ್ ತಂದು ಏರಿಸಿದೆ. ಮತ್ತೆ ಅದೇ ಮೂರು ಗಂಟೆ, ಅದೇ ಕೆಂಪು ದೀಪ ಮಿಣುಕು. ಕೊನೆಗೆ ಕಂಪ್ರೆಸರ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ನೋಡಿದರೆ ಬ್ಯಾಟರಿ ತುದಿಯಲ್ಲಿ 12.4, ಫ್ರಿಜ್ ಹಿಂದಿನ ಕನೆಕ್ಷನ್‌ನಲ್ಲಿ 11.5. ಬ್ಯಾಟರಿಯಿಂದ ಫ್ರಿಜ್‌ಗೆ ಏಳು ಮೀಟರ್, ಹೋಗಿಬರೋಕೆ ಹದಿನಾಲ್ಕು. ಗಾಡಿ ಕಟ್ಟಿದವರು ಎಳೆದಿದ್ದು ದೀಪಕ್ಕೆ ಹಾಕೋ 1.5 ಸ್ಕ್ವೇರ್ ಎಂಎಂ ವೈರು. ಅಷ್ಟು ಉದ್ದದಲ್ಲಿ 5 ಆ್ಯಂಪ್ ಹರಿದರೆ 0.8 ವೋಲ್ಟ್ ವೈರಲ್ಲೇ ಹೋಗುತ್ತೆ. ಉಳಿದಿದ್ದನ್ನ ಸಿಗರೇಟ್ ಲೈಟರ್ ಥರದ ಪ್ಲಗ್ ತಿನ್ನುತ್ತಿತ್ತು. ಕಿತ್ತು ನೋಡಿದರೆ ಅದರ ಪ್ಲಾಸ್ಟಿಕ್ ಕಂದಿಹೋಗಿತ್ತು, ಬೆರಳಿಟ್ಟರೆ ಬಿಸಿ.

ರಾತ್ರಿ ಕಳೆದ ಹಾಗೆ ಬ್ಯಾಟರಿ 12ರ ಹತ್ತಿರ ಇಳಿಯುತ್ತೆ, ಫ್ರಿಜ್‌ಗೆ ಕಾಣೋದು 11.1. ಬಹಳ ಫ್ರಿಜ್‌ಗಳಲ್ಲಿ ಬ್ಯಾಟರಿ ರಕ್ಷಣೆಗೆ ಹೈ, ಮೀಡಿಯಂ, ಲೋ ಅಂತ ಹಂತ ಇರುತ್ತೆ. ಹೈನಲ್ಲಿದ್ದರೆ 11ರ ಆಸುಪಾಸಿಗೇ ನಿಂತುಬಿಡುತ್ತೆ. ಆ ಹಂತ ಇರೋದು ಎಂಜಿನ್ ಬ್ಯಾಟರಿಯಿಂದ ಓಡಿಸೋರಿಗೆ, ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲಿ ಅಂತ. ನಿಮಗೆ ಬೇರೆ ಬ್ಯಾಟರಿ ಇರೋದರಿಂದ ಮೀಡಿಯಂ ಸಾಕು. ಆದರೆ ಸೆಟ್ಟಿಂಗ್ ಇಳಿಸಿ ಸುಮ್ಮನಾಗಬೇಡಿ, ವೈರು ಬದಲಿಸಿ. ನಾನು ಬ್ಯಾಟರಿಯಿಂದ ಫ್ರಿಜ್‌ಗೆ ನೇರವಾಗಿ 6 ಸ್ಕ್ವೇರ್ ಎಂಎಂ ಎಳೆದು, ಬ್ಯಾಟರಿ ಪಕ್ಕದಲ್ಲೇ 15 ಆ್ಯಂಪ್ ಫ್ಯೂಸ್ ಹಾಕಿ, ಆ ಪ್ಲಗ್ ಎಸೆದು ಬಿಗಿ ಕನೆಕ್ಟರ್ ಹಾಕಿದೆ. ನಷ್ಟ 0.2ಕ್ಕೆ ಇಳೀತು. ಆವತ್ತಿನಿಂದ ಒಂದು ರಾತ್ರಿಯೂ ನಿಂತಿಲ್ಲ.

ಫ್ರಿಜ್‌ನ ಹಿಂಭಾಗಕ್ಕೆ ಗಾಳಿ ಹೋಗುತ್ತಾ ಅಂತಲೂ ನೋಡಿ. ಅಂದ ಕಾಣಲಿ ಅಂತ ಬೀರುವಿನೊಳಗೆ ಬಿಗಿಯಾಗಿ ಕೂರಿಸಿದರೆ ಬಿಸಿ ಅಲ್ಲೇ ಸುತ್ತುತ್ತೆ, ಕಂಪ್ರೆಸರ್‌ಗೆ ಬಿಡುವೇ ಇರಲ್ಲ. ಕೆಳಗೊಂದು ಮೇಲೊಂದು ಕಿಂಡಿ ಕೊಯ್ದು, ಮೇಲಿನದಕ್ಕೆ ಕಂಪ್ಯೂಟರಿನ 12 ವೋಲ್ಟ್ ಪುಟ್ಟ ಫ್ಯಾನ್ ಹಾಕಿ. ಅದು ತಿನ್ನೋದು ಒಂದೆರಡು ವ್ಯಾಟ್, ಉಳಿಸೋದು ಅದಕ್ಕಿಂತ ಎಷ್ಟೋ ಹೆಚ್ಚು.

ಇನ್ನು ಪ್ಯಾನೆಲ್. 200 ವ್ಯಾಟ್ ಅನ್ನೋದು 25 ಡಿಗ್ರಿಯಲ್ಲಿ, ಪ್ರಯೋಗಶಾಲೆಯ ಬೆಳಕಲ್ಲಿ. ಬಿಸಿಲಿಗೆ ಪ್ಯಾನೆಲ್ 65 ಡಿಗ್ರಿ ಆದರೆ ಶಾಖಕ್ಕೇ ಸುಮಾರು 15 ಪರ್ಸೆಂಟ್ ಹೋಯ್ತು. ಮಟ್ಟಸವಾಗಿ ಮಲಗಿಸಿದ್ದೀರಿ, ಮೇಲೆ ಧೂಳಿದೆ. ಒಳ್ಳೇ ಬಿಸಿಲಿನ ದಿನಕ್ಕೆ 600 ವ್ಯಾಟ್-ಅವರ್ ಸಿಕ್ಕರೆ ಸಾಕು ಅನ್ನಿ, ಅಂದರೆ 50 ಆ್ಯಂಪ್-ಅವರ್. ಖರ್ಚು 70, ದಿನಾ 20 ಸಾಲ. ಎರಡು ಮೂರು ದಿನದ ಪ್ರವಾಸಕ್ಕೆ ಹೇಗೋ ನಡೆದೀತು, ತಿಂಗಳುಗಟ್ಟಲೆ ನಡೆಯಲ್ಲ. ಜೊತೆಗೆ ಅರ್ಧಂಬರ್ಧ ಚಾರ್ಜಿನಲ್ಲಿ ಬಿದ್ದಿರೋ ಲೆಡ್ ಬ್ಯಾಟರಿ ಒಳಗೊಳಗೇ ಸಾಯುತ್ತೆ. ಅದಕ್ಕೇ ಒಟ್ಟು 400 ವ್ಯಾಟ್ ಮಾಡಿಕೊಳ್ಳಿ, ಪ್ಯಾನೆಲ್ ಕೆಳಗೆ ಗಾಳಿಯಾಡೋಕೆ ಸಂದು ಬಿಡಿ, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗೋ ಚಾರ್ಜನ್ನ ಹಿಡಿತದಲ್ಲಿಡೋ ಕಂಟ್ರೋಲರ್ ಎಂಪಿಪಿಟಿ, ಅಂದರೆ ಪ್ಯಾನೆಲ್‌ನಿಂದ ಸಿಗೋದನ್ನ ಆದಷ್ಟೂ ಹಿಂಡಿಕೊಳ್ಳೋ ಬಗೆಯದು ಇರಲಿ.

ಒಂದು ಇಕ್ಕಟ್ಟು ಎಲ್ಲರಿಗೂ ಎದುರಾಗುತ್ತೆ: ಫ್ರಿಜ್‌ಗೆ ನೆರಳು ಬೇಕು, ಪ್ಯಾನೆಲ್‌ಗೆ ಬಿಸಿಲು ಬೇಕು. ಮರದ ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಪ್ಯಾನೆಲ್‌ನ ಉತ್ಪಾದನೆ ದಬಕ್ಕನೆ ಬೀಳುತ್ತೆ. ಆದ್ದರಿಂದ ಎರಡನೇ 200 ವ್ಯಾಟನ್ನ ಮೇಲೆ ಜಡಿಯೋ ಬದಲು ಮಡಚೋ ಪ್ಯಾನೆಲ್ ತಗೊಳ್ಳಿ. ಗಾಡಿ ನೆರಳಲ್ಲಿ ನಿಲ್ಲಲಿ, ಪ್ಯಾನೆಲ್ ಉದ್ದ ವೈರಿನ ತುದಿಯಲ್ಲಿ ಬಿಸಿಲಿಗೆ ಮುಖ ಮಾಡಲಿ. ಅದರ ಬೆನ್ನಿಗೆ ಅಂಟಿಸಿ ಬಂದಿರೋ ಕಂಟ್ರೋಲರ್ ಬಿಟ್ಟು, ಬ್ಯಾಟರಿ ಹತ್ತಿರ ಬೇರೆ ಕಂಟ್ರೋಲರ್ ಇಡಿ. ಆಗ ಉದ್ದ ವೈರಿನಲ್ಲಿ ಹರಿಯೋದು ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜ್, ಸ್ವಲ್ಪ ಸೋರಿದರೂ ತಡೆಯುತ್ತೆ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಗ್ಯಾಸಿನ ತ್ರೀ-ವೇ ಫ್ರಿಜ್ (ಗ್ಯಾಸು, 12 ವೋಲ್ಟು, ಮನೆ ಕರೆಂಟು ಮೂರರಲ್ಲೂ ಓಡೋದು) ಹಾಕಿಸಿ ಅಂದಿದ್ದಾರೆ. ವಾರಗಟ್ಟಲೆ ಒಂದೇ ಕಡೆ ನೆರಳಲ್ಲಿ ಕೂರೋರಿಗೆ ಅದು ಕೆಟ್ಟದ್ದಲ್ಲ, ಸದ್ದೂ ಇಲ್ಲ. ಆದರೆ ಗಾಡಿ ಮಟ್ಟಸವಾಗಿ ನಿಲ್ಲಲೇಬೇಕು, ಸೆಕೆಯಲ್ಲಿ ಸೊರಗುತ್ತೆ, ಪೆಟ್ರೋಲ್ ಬಂಕಿಗೆ ನುಗ್ಗೋ ಮೊದಲು ಉರಿ ಆರಿಸಬೇಕು. 12 ವೋಲ್ಟಿನಲ್ಲಿ ಅದು 10ರಿಂದ 15 ಆ್ಯಂಪ್ ಎಡೆಬಿಡದೆ ಎಳೆಯುತ್ತೆ, ಅದಕ್ಕೇ ಆ ಸ್ವಿಚ್ಚು ಎಂಜಿನ್ ಓಡುವಾಗ ಮಾತ್ರ. ಮನೆ ಫ್ರಿಜ್‌ಗೆ ಇನ್ವರ್ಟರ್ ಹಾಕೋದು ನನಗೆ ಒಪ್ಪಿಗೆಯಿಲ್ಲ. ಇನ್ವರ್ಟರ್ ಸುಮ್ಮನೆ ಕೂತು 15 ವ್ಯಾಟ್ ತಿಂದರೂ ದಿನಕ್ಕೆ 360 ವ್ಯಾಟ್-ಅವರ್, ನಿಮ್ಮ ಫ್ರಿಜ್‌ನ ಅರ್ಧ ದಿನದ ಊಟಕ್ಕಿಂತ ಜಾಸ್ತಿ.

ಲಿಥಿಯಂ ಬ್ಯಾಟರಿ ಆಮೇಲೆ ನೋಡಿ. ಹಾಕಿದರೆ ಚಾರ್ಜರ್, ಗಾಡಿ ಓಡುವಾಗ ಎಂಜಿನ್ ಕಡೆಯಿಂದ ಬ್ಯಾಟರಿ ತುಂಬಿಸೋ ಡಿಸಿ-ಡಿಸಿ ಚಾರ್ಜರ್ ಎಲ್ಲಾ ಅದಕ್ಕೆ ಹೊಂದಬೇಕು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡೋ ಹಾಗಿಲ್ಲ.

ಇವತ್ತಿಂದಲೇ ಮಾಡಬಹುದಾದ್ದು ಒಂದಿದೆ. ಹಗಲು ಹತ್ತರಿಂದ ನಾಲ್ಕರವರೆಗೆ ಬಿಸಿಲು ಇದ್ದಾಗ ಫ್ರಿಜ್ 2 ಡಿಗ್ರಿಗೆ ಇಳಿಸಿ, ನಾಲ್ಕು ಬಾಟಲಿ ನೀರು ಫ್ರೀಜರ್‌ನಲ್ಲಿ ಗಟ್ಟಿಯಾಗಲಿ. ಕತ್ತಲಾದ ಮೇಲೆ ಬಾಟಲಿ ಕೆಳಗಿಳಿಸಿ 5ಕ್ಕೆ ಏರಿಸಿ. ಆ ಮಂಜುಗಡ್ಡೆಯೇ ನಿಮ್ಮ ಮೂರನೇ ಬ್ಯಾಟರಿ.

ಕಂಪ್ರೆಸರ್ ಓಡುವಾಗ ಬ್ಯಾಟರಿ ತುದಿಯಲ್ಲೂ ಫ್ರಿಜ್ ಹಿಂದೆಯೂ ವೋಲ್ಟೇಜ್ ಅಳೆದು ಎರಡೂ ಸಂಖ್ಯೆ ಇಲ್ಲಿ ಹಾಕಿ, ಜೊತೆಗೆ ವೈರಿನ ಉದ್ದ ಮತ್ತು ದಪ್ಪ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪ್ಯಾನೆಲ್ ಆರ್ಡರ್ ತಡೆಹಿಡಿಯಿರಿ.