ಬಿ-ಕಾಂಪ್ಲೆಕ್ಸ್ ನುಂಗಿದರೆ ಸುಸ್ತು ಹೋಗುತ್ತಾ?

ಎನ್ಜೈಮ್, ವಿಟಮಿನ್ ಎರಡೂ ಒಂದೇನಾ, ಆಫೀಸಲ್ಲಿ ಎಲ್ಲರೂ ತಗೊಳ್ಳುವ ಬಿ-ಕಾಂಪ್ಲೆಕ್ಸ್ ಮಾತ್ರೆಯಿಂದ ಶಕ್ತಿ ಬರುತ್ತಾ ಅಂತ ಕೇಳಿದ್ದೀರಿ. ನಾನು ಮಲ್ಲೇಶ್ವರದ ಕಡೆ ಒಂದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹೊಸ ಬ್ಯಾಚ್ ಬಂದಾಗಲೆಲ್ಲ ಯಾರಾದರೂ ಇದನ್ನೇ ಕೇಳುತ್ತಾರೆ.

ಎರಡೂ ಒಂದೇ ಅಲ್ಲ. ಹೆಚ್ಚುಕಮ್ಮಿ ಎಲ್ಲ ಎನ್ಜೈಮ್‌ಗಳೂ ಪ್ರೋಟೀನುಗಳು. ದೇಹವೇ ಅವನ್ನು ಮಾಡಿಕೊಳ್ಳುತ್ತದೆ. ತಾನಾಗಿ ನಡೆಯಲು ಎಷ್ಟೋ ಕಾಲ ಹಿಡಿಯುವ ರಾಸಾಯನಿಕ ಕ್ರಿಯೆಯನ್ನು ಅವು ಕ್ಷಣದಲ್ಲಿ ಮುಗಿಸುತ್ತವೆ, ತಾವು ಖರ್ಚಾಗುವುದಿಲ್ಲ. ಕಣ್ಣಾರೆ ನೋಡಬೇಕಾ? ರಾಗಿ ಹಿಟ್ಟಿನ ಗಟ್ಟಿ ಗಂಜಿ ಕಾಯಿಸಿ, ಸ್ವಲ್ಪ ಆರಲು ಬಿಡಿ. ಅದಕ್ಕೆ ಹುರಿಯದ ಮೊಳಕೆ ರಾಗಿ ಹಿಟ್ಟು ಒಂದು ಚಮಚ ಕಲಸಿ ಇಡಿ. ನೋಡನೋಡುತ್ತಾ ಗಂಜಿ ತೆಳ್ಳಗಾಗುತ್ತದೆ. ಮೊಳಕೆಯಲ್ಲಿರುವ ಅಮೈಲೇಸ್ ಅನ್ನುವ ಎನ್ಜೈಮ್ ಪಿಷ್ಟವನ್ನು ಕತ್ತರಿಸಿ ಹಾಕಿರುತ್ತದೆ. ಮೊಳಕೆ ಹಿಟ್ಟನ್ನು ಮೊದಲೇ ಕುದಿಸಿದರೆ ಈ ಆಟ ನಡೆಯಲ್ಲ, ಎನ್ಜೈಮ್ ಕೆಟ್ಟಿರುತ್ತದೆ.

ಇನ್ನು ವಿಟಮಿನ್. ಕೆಲವು ಎನ್ಜೈಮ್‌ಗಳಿಗೆ ಒಬ್ಬರೇ ಕೆಲಸ ಮಾಡೋಕೆ ಆಗಲ್ಲ, ಜೊತೆಗೊಂದು ಪುಟ್ಟ ಅಣು ಬೇಕು. ಬಿ ಗುಂಪಿನ ವಿಟಮಿನ್‌ಗಳಿಂದ ದೇಹ ಆ ಅಣುಗಳನ್ನು ತಯಾರಿಸುತ್ತದೆ. ಅನ್ನ, ಮುದ್ದೆ ಏನೇ ತಿನ್ನಿ, ಅದರ ಪಿಷ್ಟ ಕೊನೆಗೆ ಗ್ಲೂಕೋಸ್. ಅದು ಒಡೆದು ಪೈರುವೇಟ್ ಅನ್ನುವ ಸಣ್ಣ ಅಣು ಆಗುತ್ತದೆ. ಪೈರುವೇಟನ್ನು ಶಕ್ತಿ ತೆಗೆಯುವ ಮುಂದಿನ ಹಂತಕ್ಕೆ ದಾಟಿಸುವುದು ಪೈರುವೇಟ್ ಡಿಹೈಡ್ರೋಜಿನೇಸ್ ಅನ್ನುವ ಎನ್ಜೈಮ್ ಕೂಟ. ಈ ಒಂದೇ ಕೂಟಕ್ಕೆ ಬಿ1, ಬಿ2, ಬಿ3, ಬಿ5 ನಾಲ್ಕೂ ಬೇಕು! ಬಿ1 ಇಲ್ಲದಿದ್ದರೆ ಪೈರುವೇಟ್ ಅಲ್ಲೇ ಸಿಕ್ಕಿಬಿದ್ದು ಲ್ಯಾಕ್ಟಿಕ್ ಆಸಿಡ್ ಜಾಸ್ತಿಯಾಗುತ್ತದೆ, ನರ ಮತ್ತು ಹೃದಯ ಸೊರಗುತ್ತವೆ. ಹೊಟ್ಟೆ ತುಂಬ ಅನ್ನ ಉಂಡರೂ ಬರುವ ಬೆರಿಬೆರಿ ರೋಗ ಇದೇ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳಿಗೆ ಇಂಥದ್ದೇ ಕಾಯಿಲೆ ಬರುವುದನ್ನು, ಬಿ1 ತುಂಬಿರುವ ತೌಡು ಹೋಗದ ಅಕ್ಕಿ ಕೊಟ್ಟರೆ ವಾಸಿಯಾಗುವುದನ್ನು ಕಂಡರು. 1929ರಲ್ಲಿ ನೊಬೆಲ್ ಸಿಕ್ಕಿತು.

ಈಗ ನಿಮ್ಮ ಮಾತ್ರೆ. ವಿಟಮಿನ್ ಬಿಎಂಟಿಸಿ ಕಂಡಕ್ಟರ್ ಇದ್ದ ಹಾಗೆ. ಇಲ್ಲದಿದ್ದರೆ ಬಸ್ ಹೊರಡಲ್ಲ. ಆದರೆ ಒಬ್ಬರಿರುವ ಬಸ್ಸಿಗೆ ಇನ್ನೂ ನಾಲ್ವರು ಹತ್ತಿದರೆ ಸ್ಪೀಡ್ ಏನೂ ಏರಲ್ಲ ಅಲ್ವಾ? ವಿಟಮಿನ್‌ನಲ್ಲಿ ಕ್ಯಾಲೊರಿ ಇಲ್ಲ. ಮಾತ್ರೆ ನುಂಗಿದ ಮೇಲೆ ಮೂತ್ರ ಗಾಢ ಹಳದಿ ಬರುವುದು ದೇಹ ಹೊರಗೆ ಹಾಕಿದ ಬಿ2. ಅಂದರೆ ದುಡ್ಡು ಸುಮ್ನೆ ಚರಂಡಿಗೆ. ಎಲ್ಲವೂ ಹೀಗೆ ಹರಿದು ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ, ಬಿ6 ಅತಿಯಾದ ಡೋಸಿನಲ್ಲಿ ತಿಂಗಳುಗಟ್ಟಲೆ ತಗೊಂಡರೆ ನರಕ್ಕೇ ಪೆಟ್ಟು.

ಕೊರತೆ ಇದ್ದವರ ಮಾತು ಬೇರೆ. ನೀವು ಶುದ್ಧ ಸಸ್ಯಾಹಾರಿಯಾಗಿದ್ದು ಹಾಲು, ಮೊಸರು ಕೂಡ ಕಮ್ಮಿಯಾದರೆ ಬಿ12 ಕಡಿಮೆ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಸುಸ್ತು ವಾರಗಟ್ಟಲೆ ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ಮಾತ್ರೆ ಶುರು ಮಾಡುವ ಮುಂಚೆಯೇ ರಕ್ತ ಪರೀಕ್ಷೆಗೆ ಕೊಡಿ. ಆಮೇಲೆ ಕೊಟ್ಟರೆ ಬಿ12 ಅಂಕಿ ಏರಿರುತ್ತದೆ, ಮೊದಲು ಕೊರತೆ ಇತ್ತೋ ಇಲ್ಲವೋ ಗೊತ್ತಾಗಲ್ಲ.