ನನ್ನ ಐಡಿಯಿಂದ್ಲೇ ನನಗೆ ಸ್ಪ್ಯಾಮ್ ಬರ್ತಿದೆ!

ಪ್ರಶ್ನೆ: ಸರ್, ನಮ್ಮದು ಸ್ವಂತ ಡೊಮೇನಿನ ಮೇಲ್. ಸರ್ವರ್‌ನಲ್ಲಿ ಸ್ಪ್ಯಾಮ್‌ಅಸಾಸಿನ್ ಅನ್ನೋ ಸ್ಪ್ಯಾಮ್ ಫಿಲ್ಟರ್ ಆನ್ ಇದೆ, ಆದ್ರೂ ಲಾಟರಿ, ಸಾಲ, "ನಿಮ್ಮ ಪಾಸ್‌ವರ್ಡ್ ಅವಧಿ ಮುಗಿದಿದೆ" ಅನ್ನೋ ಮೇಲ್‌ಗಳೆಲ್ಲ ಸೀದಾ ಇನ್‌ಬಾಕ್ಸಿಗೇ ಬರ್ತವೆ. ಕೆಲವು ನನ್ನ ಐಡಿಯಿಂದ್ಲೇ ನನಗೆ ಬಂದಿರ್ತವೆ! ದಿನಾ ಡಿಲೀಟ್ ಮಾಡಿ ಸಾಕಾಗೋಗಿದೆ. ಅಕೌಂಟ್ ಹ್ಯಾಕ್ ಆಗಿದ್ಯಾ?

ಉತ್ತರ: ಫ್ರಮ್ ಜಾಗದಲ್ಲಿ ಯಾರು ಯಾರ ಐಡಿ ಬೇಕಾದ್ರೂ ಬರೀಬಹುದು, ಅಷ್ಟಕ್ಕೇ ಹ್ಯಾಕ್ ಅನ್ಕೋಬೇಡಿ. ಸೆಂಟ್ ಫೋಲ್ಡರಲ್ಲಿ ನೀವು ಕಳಿಸದೇ ಇರೋದು ಏನಾದ್ರೂ ಕಂಡ್ರೆ ಮೊದ್ಲು ಪಾಸ್‌ವರ್ಡ್ ಬದಲಾಯಿಸಿ.

ಈಗ ಅಂಥದೊಂದು ಮೇಲ್ ತೆಗೆದು ಪೂರ್ತಿ ಹೆಡರ್ (ಮೇಲ್ ಎಲ್ಲಿಂದ ಹೇಗೆ ಬಂತು ಅನ್ನೋ ವಿವರ) ನೋಡಿ, ಅದ್ರಲ್ಲಿ 'ಎಕ್ಸ್-ಸ್ಪ್ಯಾಮ್-ಸ್ಟೇಟಸ್' ಅಂತ ಒಂದು ಸಾಲಿರುತ್ತೆ, ಪಕ್ಕದಲ್ಲೇ ಸ್ಕೋರ್. ಸಾಮಾನ್ಯವಾಗಿ 5 ಮುಟ್ಟಿದ್ರೆ ಸ್ಪ್ಯಾಮ್. ನಿಮ್ಮದು ಮೈನಸ್ 90ರ ಆಸುಪಾಸು ಇರಬಹುದು ಅಂತ ನನ್ನ ಗುಮಾನಿ, ಯಾಕಂದ್ರೆ ನಮ್ಮ ಆಫೀಸ್ ಮೇಲ್ ತಪ್ಪಿಹೋಗದಿರ್ಲಿ ಅಂತ ಯಾರೋ ಒಬ್ರು ನಿಮ್ಮ ಡೊಮೇನನ್ನೇ ವೈಟ್‌ಲಿಸ್ಟಿಗೆ (ನಂಬಿಕಸ್ತರ ಪಟ್ಟಿಗೆ) ಹಾಕಿಟ್ಟಿರ್ತಾರೆ, ನಿಮ್ಮ ಐಡಿ ಹಾಕ್ಕೊಂಡು ಬಂದ ಕಳ್ಳ ಮೇಲಿಗೂ ಅದೊಂದಕ್ಕೇ ಮೈನಸ್ 100 ಸಿಗುತ್ತೆ, ಆಮೇಲೆ ಒಳಗೆ ಎಷ್ಟೇ ಕಸ ಇದ್ರೂ ಸ್ಕೋರ್ 5ಕ್ಕೆ ಏರೋ ಮಾತೇ ಇಲ್ಲ. ಕಳ್ಳನಿಗೆ ನಾವೇ ಗೇಟ್‌ಪಾಸ್ ಬರೆದುಕೊಟ್ಟ ಹಾಗೆ! ಆ ಎಂಟ್ರಿ ತೆಗೆದುಬಿಡಿ. ಬೇಕೇ ಬೇಕಂದ್ರೆ 'ವೈಟ್‌ಲಿಸ್ಟ್ ಆಥ್' ಅಂತಿದೆ, ಅದು ಎಸ್‌ಪಿಎಫ್ ಇಲ್ಲಾ ಡಿಕಿಮ್ (ಮೇಲ್ ನಿಜವಾಗ್ಲೂ ಆ ಡೊಮೇನಿಂದ್ಲೇ ಬಂತಾ ಅಂತ ನೋಡೋ ಪರೀಕ್ಷೆಗಳು) ಪಾಸಾದ್ರೆ ಮಾತ್ರ ಬಿಡುತ್ತೆ.

ಸ್ಕೋರ್ 3, 4 ಅಂತ ಅಂಚಲ್ಲೇ ನಿಂತಿದ್ರೆ ಕಥೆ ಬೇರೆ. ಆಗ ಎಲ್ರೂ ಮಾಡೋದು ಸ್ಪ್ಯಾಮ್ ಮಿತಿನ 5ರಿಂದ 3ಕ್ಕೆ ಇಳಿಸೋದು, ದಯವಿಟ್ಟು ಬೇಡ, ನಿಜವಾದ ಬಿಲ್ಲು ಕೊಟೇಶನ್ನು ಎಲ್ಲ ಸ್ಪ್ಯಾಮಿಗೆ ಹೋಗಿ ಕೂರುತ್ತೆ. ಅದರ ಬದಲು ಫಿಲ್ಟರಿಗೆ ಕಲಿಸಿ. ಬರೀ ಡಿಲೀಟ್ ಮಾಡಿದ್ರೆ ಅದು ಏನೂ ಕಲಿಯಲ್ಲ, ಮೇಲನ್ನ ಸ್ಪ್ಯಾಮ್ ಫೋಲ್ಡರಿಗೆ ಹಾಕಿ 'ಎಸ್‌ಎ-ಲರ್ನ್' ಅನ್ನೋ ಕಮಾಂಡ್ ಓಡಿಸ್ಬೇಕು. ಫಿಲ್ಟರಿನ ಬೇಸಿಯನ್ ಭಾಗ (ಹಳೇ ಮೇಲ್ ನೋಡಿ ಕಲಿಯೋದು) ಕೆಲ್ಸ ಶುರು ಮಾಡೋಕೇ ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆ ಮೇಲ್ ಬೇಕು, ಒಳ್ಳೇದನ್ನ ತೋರ್ಸೋದು ಸುಮಾರು ಜನ ಮರೀತಾರೆ.

ಹೆಡರಲ್ಲಿ ಆ ಸಾಲೇ ಇಲ್ವಾ? ಹಾಗಾದ್ರೆ ಮೇಲ್ ಬಹುಶಃ ಫಿಲ್ಟರ್ ಹತ್ರ ಹೋಗೇ ಇಲ್ಲ. ಹೋಸ್ಟಿಂಗ್‌ನೋರಿಗೆ ಬರೀರಿ, ಆದ್ರೆ ಸುಮ್ನೆ ಫಾರ್ವರ್ಡ್ ಮಾಡ್ಬೇಡಿ, ಹಳೇ ಹೆಡರ್ ಉದುರಿಹೋಗುತ್ತೆ, ಮೇಲನ್ನ ಫೈಲಾಗಿ ಸೇವ್ ಮಾಡಿ ಅಟ್ಯಾಚ್ ಮಾಡಿ.